ಕಾನೂನು ಹೊಸದು, ಹೊಣೆ ಹಳೆಯದು

2017ರ ಜೂನ್ 30ರ ಮಧ್ಯರಾತ್ರಿ ಸಂಸತ್ತಿನ ಸೆಂಟ್ರಲ್ ಹಾಲ್‌ನಲ್ಲಿ ಜಿಎಸ್‌ಟಿಗೆ ಚಾಲನೆ ಸಿಕ್ಕಾಗ, ನಾನು ದಾವಣಗೆರೆಯ ತೆರಿಗೆ ಸಲಹೆಗಾರರೊಬ್ಬರ ಕಚೇರಿಗೆ ಸೇರಿ ಹನ್ನೊಂದು ತಿಂಗಳಾಗಿತ್ತು. ಬಿ.ಕಾಂ. ಮುಗಿಸಿದ್ದೆ, ಟ್ಯಾಲಿ ಕಲಿತಿದ್ದೆ. ತಿಂಗಳಿಗೆ ₹7,500 ಸಂಬಳ. ವ್ಯಾಟ್ ಲೆಕ್ಕ ಆಗಷ್ಟೇ ಕೈಗೆ ಹತ್ತಿತ್ತು. ಯಾವ ಸರಕಿಗೆ ಐದೂವರೆ, ಯಾವುದಕ್ಕೆ ಹದಿನಾಲ್ಕೂವರೆ ಎಂಬುದು ನಾಲಿಗೆಯ ತುದಿಯಲ್ಲಿತ್ತು. ವ್ಯಾಟ್ 100 ನಮೂನೆಯನ್ನು ಕಣ್ಣು ಮುಚ್ಚಿ ತುಂಬಬಲ್ಲೆ ಎಂಬ ಜಂಬವೂ ಇತ್ತು. ಬೆಳಗಾಗುವಷ್ಟರಲ್ಲಿ ಅದೆಲ್ಲ ಹೋದ ವರ್ಷದ ಕ್ಯಾಲೆಂಡರ್‌ನಂತಾಯಿತು.

ಹನ್ನೊಂದು ಅಂಕಿಯ ಟಿನ್ ಹೋಗಿ ಹದಿನೈದು ಅಕ್ಷರಗಳ ಜಿಎಸ್‌ಟಿಐಎನ್ ಬಂತು. ರಾಜ್ಯದೊಳಗೆ ಮಾರಿದರೆ ತೆರಿಗೆಯನ್ನು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಎರಡು ಪಾಲು ಮಾಡಬೇಕು. ಹೊರರಾಜ್ಯಕ್ಕೆ ಮಾರಿದರೆ ಐಜಿಎಸ್‌ಟಿ. ಪ್ರತಿ ಸರಕಿಗೂ ಎಚ್‌ಎಸ್‌ಎನ್ ಕೋಡ್. ಬೆಳಿಗ್ಗೆ ಹತ್ತಕ್ಕೆಲ್ಲ ವ್ಯಾಪಾರಿಗಳು ಬಿಲ್ ಪುಸ್ತಕ ಹಿಡಿದು ಬೆಂಚಿನ ಮೇಲೆ ಕುಳಿತಿರುತ್ತಿದ್ದರು. ಅವರು ಕೇಳುವ ಪ್ರಶ್ನೆಗಳಿಗೆ ನಮ್ಮ ಸರ್ ಬಳಿಯೂ ಎಷ್ಟೋ ಸಲ ಉತ್ತರವಿರುತ್ತಿರಲಿಲ್ಲ. ಹಗಲು ಪೋರ್ಟಲ್ ತೆರೆಯುತ್ತಿರಲಿಲ್ಲ, ರಾತ್ರಿ ತೆರೆದರೆ ನಡುವೆ ನಿಲ್ಲುತ್ತಿತ್ತು. ಮೊದಲ 3ಬಿ ರಿಟರ್ನ್‌ಗೆ ಆಗಸ್ಟ್ 20 ಕೊನೆಯ ದಿನ ಎಂದಿದ್ದದ್ದು ಕಡೇ ಗಳಿಗೆಯಲ್ಲಿ ಮುಂದಕ್ಕೆ ಹೋಯಿತು.

ಆ ಗಡಿಬಿಡಿಯಲ್ಲಿ ನನಗೆ ಗೊತ್ತಿಲ್ಲದೆಯೇ ಒಂದು ಚಟ ಅಂಟಿಕೊಂಡಿತು. ಯಾವ ಕೆಲಸ ತಡವಾದರೂ ‘ಪೋರ್ಟಲ್ ಸರಿಯಿಲ್ಲ’, ಯಾರು ಏನು ಕೇಳಿದರೂ ‘ಹೊಸ ಕಾನೂನು, ಇನ್ನೂ ಸ್ಪಷ್ಟವಿಲ್ಲ’. ಎರಡೂ ನಿಜವೇ. ಆದರೆ ನಾನು ಮಾಡಬಹುದಾಗಿದ್ದ ಕೆಲಸವನ್ನೂ ಈ ಎರಡು ಮಾತುಗಳ ಹಿಂದೆ ಬಚ್ಚಿಡತೊಡಗಿದ್ದೆ. ಪರಿಸ್ಥಿತಿ ಬದಲಾದಾಗ ನಮ್ಮ ಕೈಗೆ ಮೊದಲು ಸಿಗುವುದು ಹೊಸ ಜ್ಞಾನವಲ್ಲ, ಹೊಸ ನೆಪ.

ಅದರ ಬೆಲೆ ಅಕ್ಟೋಬರ್‌ನಲ್ಲಿ ತಿಳಿಯಿತು. ಹಾರ್ಡ್‌ವೇರ್ ಅಂಗಡಿಯೊಂದರ ಜುಲೈ ತಿಂಗಳ ಜಿಎಸ್‌ಟಿಆರ್-1 ತಯಾರಿಸುತ್ತಿದ್ದೆ. 3ಬಿಯಲ್ಲಿ ಒಟ್ಟು ಮೊತ್ತ ಹಾಕಿದರೆ ಸಾಕು, ಇದರಲ್ಲಿ ಒಂದೊಂದೇ ಬಿಲ್ ತುಂಬಬೇಕು. ಎರಡು ಲಕ್ಷ ರೂಪಾಯಿಯ ಪೈಪಿನ ಬಿಲ್ಲೊಂದರಲ್ಲಿ ಕೊಂಡವರ ಜಿಎಸ್‌ಟಿಐಎನ್ 29ರಿಂದ ಶುರುವಾಗಿರಲಿಲ್ಲ, 37ರಿಂದ ಶುರುವಾಗಿತ್ತು. ಅಂದರೆ ಆಂಧ್ರ. ಸರಕು ಹೋದದ್ದು ರಾಯದುರ್ಗಕ್ಕೆ. ಆಗಸ್ಟ್‌ನಲ್ಲಿ 3ಬಿ ತುಂಬುವಾಗ ನಾನು ಬಿಲ್ ನೋಡದೆ, ಪುಸ್ತಕದ ಒಟ್ಟು ಮೊತ್ತ ತೆಗೆದುಕೊಂಡು ಶೇ 18ನ್ನು ಒಂಬತ್ತು, ಒಂಬತ್ತು ಎಂದು ಪಾಲು ಮಾಡಿಬಿಟ್ಟಿದ್ದೆ. ಐಜಿಎಸ್‌ಟಿಗೆ ಹೋಗಬೇಕಿದ್ದ ₹36,000 ಬೇರೆ ಖಾತೆಗಳಿಗೆ ಜಮೆಯಾಗಿತ್ತು. ಒಮ್ಮೆ ಸಲ್ಲಿಸಿದ 3ಬಿಯನ್ನು ತಿದ್ದಲು ಬರುವುದಿಲ್ಲ. ಆ ಹಣವನ್ನು ಸರಿಯಾದ ಖಾತೆಗೆ ಇನ್ನೊಮ್ಮೆ ಕಟ್ಟಿ, ಮೊದಲು ಕಟ್ಟಿದ್ದನ್ನು ವಾಪಸ್ ಕೇಳಿ ಕಾಯಬೇಕು. ನನ್ನ ಐದು ತಿಂಗಳ ಸಂಬಳಕ್ಕೆ ಸ್ವಲ್ಪವೇ ಕಡಿಮೆ.

ಪಕ್ಕದ ಟೇಬಲ್ಲಿನ ಗೆಳತಿಗೆ ಹೇಳಿದೆ. ‘ಸುಮ್ನಿರೇ, ಎಲ್ಲರದ್ದೂ ತಪ್ಪಾಗಿರ್ತವೆ. ಕೇಳಿದ್ರೆ ಪೋರ್ಟಲ್ ಸಮಸ್ಯೆ ಅನ್ನು’ ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ನನ್ನ ಕೆಲಸ ಉಳಿಯಲಿ ಎಂದೇ ಹೇಳಿದ್ದು. ಎರಡು ದಿನ ಸುಮ್ಮನಿದ್ದೆ. ಮನೆಯಲ್ಲಿ ಊಟ ಸೇರಲಿಲ್ಲ. ಅಪ್ಪ ‘ಹುಷಾರಿಲ್ವೇನವ್ವ’ ಎಂದು ಕೇಳಿದಾಗ ತಲೆನೋವು ಎಂದೆ. ಮೂರನೆಯ ದಿನ ಬೆಳಿಗ್ಗೆ ಸರ್ ಬರುವ ಮೊದಲೇ ಆ ಬಿಲ್ಲು, ಸಲ್ಲಿಸಿದ 3ಬಿ ಪ್ರತಿ, ಎಷ್ಟು ಕಟ್ಟಬೇಕು, ಎಷ್ಟು ವಾಪಸ್ ಬರಬೇಕು ಎಂಬ ಲೆಕ್ಕ ಎಲ್ಲವನ್ನೂ ಅವರ ಮೇಜಿನ ಮೇಲಿಟ್ಟೆ. ‘ತಪ್ಪು ನಂದೇ ಸರ್’ ಎಂದೆ.

ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕಾಗದಗಳನ್ನು ಎರಡು ಸಲ ನೋಡಿ, ‘ಅಂಗಡಿಗೆ ಹೋಗಿ ನೀನೇ ಹೇಳು. ಆಮೇಲೆ ನಾನು ಮಾತಾಡ್ತೀನಿ’ ಎಂದರು. ಹೋದೆ. ಕಬ್ಬಿಣ, ಸಿಮೆಂಟಿನ ನಡುವೆ ಗಿರಾಕಿಗಳ ಎದುರೇ ನಿಂತು ಹೇಳಿದೆ. ಸಾವ್ಕಾರ್ರು ಸಿಟ್ಟಾದರು. ಹಬ್ಬದ ಮುಂದೆ ಮೂವತ್ತಾರು ಸಾವಿರ ಎಲ್ಲಿಂದ ತರಲಿ ಎಂದರು. ಹೊಸ ಕಾನೂನು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, ‘ಹೊಸಾದು ಅಂದ್ಮೇಲೆ ಎಲ್ಡು ಸಲ ನೋಡ್ಬೇಕಲ್ಲೇನಮ್ಮ?’ ಎಂದು ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಇವತ್ತಿಗೂ ಇಲ್ಲ.

ಹಣ ಕಟ್ಟಿದರು. ಮೊದಲು ಕಟ್ಟಿದ್ದು ಕೈಸೇರಲು ತಿಂಗಳುಗಳೇ ಹಿಡಿದವು. ನಮ್ಮ ಸರ್ ಆ ವರ್ಷ ಅವರಿಂದ ಫೀಸು ತೆಗೆದುಕೊಳ್ಳಲಿಲ್ಲ. ಅವರು ಕಚೇರಿ ಬದಲಿಸುತ್ತಾರೆ ಎಂದುಕೊಂಡಿದ್ದೆ. ಮುಂದಿನ ತಿಂಗಳು ಬಿಲ್ ಪುಸ್ತಕ ಹಿಡಿದು ತಾವೇ ಬಂದು, ನನ್ನ ಟೇಬಲ್ ಮೇಲಿಟ್ಟು, ‘ಹೊರಗಿನ ರಾಜ್ಯದ್ದು ಎಲ್ಡದಾವೆ, ನೋಡ್ಕೊ’ ಎಂದು ಹೋದರು.

ಕಾಲೇಜಿನಲ್ಲಿ ನಮಗೆ ವೃತ್ತಿಪರತೆ ಎಂದರೆ ಇಸ್ತ್ರಿ ಮಾಡಿದ ಬಟ್ಟೆ, ಇಂಗ್ಲಿಷ್ ಮಾತು, ಸಂದರ್ಶನದಲ್ಲಿ ನಗುಮುಖ ಎಂದು ಹೇಳಿಕೊಟ್ಟಿದ್ದರು. ಅವು ಬೇಡವೆನ್ನುವುದಿಲ್ಲ. ಆದರೆ ಎಲ್ಲವೂ ಬದಲಾದ ದಿನ ಎದುರಿಗಿರುವವರು ನಮ್ಮ ಯಾವ ಮಾತನ್ನು ನಂಬಬಹುದು ಎಂಬುದೇ ನಿಜವಾದ ಪರೀಕ್ಷೆ. ಅಂದಿನಿಂದ ಮೂರು ರೂಢಿ ಇಟ್ಟುಕೊಂಡಿದ್ದೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತೇನೆ, ಆದರೆ ಯಾವಾಗ ತಿಳಿದು ಹೇಳುತ್ತೇನೆ ಎಂಬುದನ್ನೂ ಜೊತೆಗೇ ಹೇಳುತ್ತೇನೆ. ಹೊಸ ಅಧಿಸೂಚನೆ ಬಂದಾಗ ಅದರಿಂದ ನಮ್ಮ ಯಾವ ಅಂಗಡಿಯ ಯಾವ ಬಿಲ್ಲು ಬದಲಾಗುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದಿಡುತ್ತೇನೆ. ತಪ್ಪಾದರೆ ಸರಿಪಡಿಸುವ ದಾರಿ ಹುಡುಕಿಕೊಂಡು ಅವತ್ತೇ ಹೇಳುತ್ತೇನೆ. ಎರಡು ದಿನ ಬಚ್ಚಿಟ್ಟುಕೊಂಡ ತಪ್ಪು ಎಷ್ಟು ಭಾರ ಎಂದು ನನಗೆ ಗೊತ್ತು.

ಇನ್ನೊಂದು ಮಾತನ್ನೂ ಹೇಳಲೇಬೇಕು. ‘ಬದಲಾವಣೆಗೆ ಹೊಂದಿಕೊಳ್ಳಿ’ ಎಂಬ ಉಪದೇಶ ಯಾವಾಗಲೂ ಕೆಳಗಿನವರಿಗೇ ಹೆಚ್ಚು. ಆ ವರ್ಷ ನಾವು ರಾತ್ರಿ ಹನ್ನೊಂದರವರೆಗೆ ಕುಳಿತ ದಿನಗಳಿಗೆ ಲೆಕ್ಕವಿಲ್ಲ, ಹೆಚ್ಚುವರಿ ಸಂಬಳವೂ ಇರಲಿಲ್ಲ. ನಿದ್ದೆಗೆಟ್ಟ ಕಣ್ಣಿಗೆ 29, 37 ಒಂದೇ ಥರ ಕಾಣುತ್ತವೆ. ನಾವೆಲ್ಲ ಸೇರಿ ಸರ್ ಬಳಿ ಮಾತಾಡಿದ ಮೇಲೆ, ಕೊನೆಯ ದಿನಾಂಕಗಳ ವಾರ ತಡವಾಗಿ ಕುಳಿತವರಿಗೆ ಮರುದಿನ ಮಧ್ಯಾಹ್ನ ಬರಲು ಒಪ್ಪಿದರು. ತನ್ನ ಹೊಣೆ ಒಪ್ಪಿಕೊಳ್ಳುವಷ್ಟೇ, ಆಗದ್ದನ್ನು ಆಗದು ಎಂದು ಮರ್ಯಾದೆಯಿಂದ ಹೇಳುವುದೂ ವೃತ್ತಿಪರತೆಯೇ.

ಆಮೇಲೆ 2018ರಲ್ಲಿ ಇ-ವೇ ಬಿಲ್ ಬಂತು, 2020ರಲ್ಲಿ ಲಾಕ್‌ಡೌನ್ ಬಂತು. 2025ರ ಸೆಪ್ಟೆಂಬರ್ 22ರಂದು ದರಗಳೇ ಬದಲಾದವು. 28 ಇದ್ದ ಸಿಮೆಂಟ್ 18ಕ್ಕೆ ಇಳಿಯಿತು. ಆ ವಾರ ನಮ್ಮಲ್ಲಿಗೆ ಹೊಸದಾಗಿ ಸೇರಿದ್ದ ಹುಡುಗ, ‘ಅಕ್ಕಾ, ಕಷ್ಟಪಟ್ಟು ಕಲಿತಿದ್ದೆಲ್ಲ ದಂಡ ಆಯ್ತಲ್ಲ. ಮುಂದೆ ಎಲ್ಲಾ ಎಐ ಮಾಡುತ್ತಂತೆ, ನಾವ್ಯಾಕೆ?’ ಎಂದ. ಎಐ ಏನು ಮಾಡುತ್ತದೋ ನಾನು ಹೇಳಲಾರೆ. ಆದರೆ ಲೆಕ್ಕ ತಪ್ಪಿದ ದಿನ ಅಂಗಡಿಯ ಕಟ್ಟೆ ಹತ್ತಿ ‘ತಪ್ಪು ನಮ್ಮದು’ ಎನ್ನಲು ಒಬ್ಬರು ಬೇಕೇ ಬೇಕು.

ಅವನ ಮುಂದೆ ಅದೇ ಹಾರ್ಡ್‌ವೇರ್ ಅಂಗಡಿಯ ಫೈಲ್ ಇಟ್ಟೆ. ‘ಹಳೇ ದರದ ಸ್ಟಾಕ್ ಎಷ್ಟಿದೆ, ಮೊದಲು ಫೋನ್ ಮಾಡಿ ಕೇಳು. ಬಿಲ್ಲು ಮಾತ್ರ ಎರಡು ಸಲ ನೋಡು’ ಎಂದೆ.