ಬಚ್ಚಲೊಲೆಯ ಲೆಕ್ಕ

ಬೀಜಕ್ಕೆಷ್ಟು, ಗೊಬ್ಬರಕ್ಕೆಷ್ಟು, ಆಳಿನ ಕೂಲಿಗೆಷ್ಟು ಎಂದು ಬರೆದಿಡುವ ರೈತರು ನಮ್ಮಲ್ಲಿ ಹಲವರಿದ್ದಾರೆ. ಆದರೆ ವರ್ಷವಿಡೀ ಬಚ್ಚಲೊಲೆಗೆ ಎಷ್ಟು ಸೌದೆ ಹೋಯಿತು ಎಂದು ಕೇಳಿದರೆ ಉತ್ತರ ಸಿಗುವುದು ಅಪರೂಪ. ತೋಟದ ಸೋಗೆ, ಬೇಲಿಯ ಕೊಂಬೆ, ಗುಡ್ಡದ ಪುರಲೆ, ಇವಕ್ಕೆ ದುಡ್ಡು ಕೊಟ್ಟಿಲ್ಲವಾದ್ದರಿಂದ ಲೆಕ್ಕವೂ ಬೇಡವೆಂಬ ಭಾವನೆ ಬೇರೂರಿದೆ. ಸೌದೆ ಪುಕ್ಕಟೆಯಾಗಿ ಒಲೆಯ ಬಾಯಿಗೆ ಬರುವುದಿಲ್ಲ. ಅದನ್ನು ಕಡಿಯಬೇಕು, ಹೊರಬೇಕು, ಸೀಳಬೇಕು, ಒಟ್ಟಬೇಕು. ಬೆಳಗಿನ ಜಾವ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಊದಬೇಕು. ಈ ದುಡಿಮೆಯ ಹೆಚ್ಚಿನ ಪಾಲು ಮನೆಯ ಹೆಂಗಸರದು. ಅವರ ಕೂಲಿ ಯಾವ ಪುಸ್ತಕದಲ್ಲಿಯೂ ಬರೆಯಲ್ಪಟ್ಟಿಲ್ಲ.

ಈಗ ಲೆಕ್ಕವನ್ನೇ ಮಾಡಿ ನೋಡೋಣ. ಐದು ಜನರ ಮನೆಗೆ ದಿನಕ್ಕೆ 100 ಲೀಟರು ಬಿಸಿನೀರು ಬೇಕೆಂದು ಇಟ್ಟುಕೊಳ್ಳಿ. 25 ಡಿಗ್ರಿಯ ನೀರನ್ನು ಸ್ನಾನಕ್ಕೆ ಹದವಾದ 45 ಡಿಗ್ರಿಗೆ ತರಲು 2,000 ಕಿಲೋ ಕ್ಯಾಲರಿ ಶಾಖ ಬೇಕು. ಒಣ ಸೌದೆಯ ಒಂದು ಕಿಲೋದಲ್ಲಿ ಹೆಚ್ಚುಕಡಿಮೆ 4,000 ಕಿಲೋ ಕ್ಯಾಲರಿ ಇದೆ. ಅಂದರೆ ಅರ್ಧ ಕಿಲೋ ಸೌದೆ ಸಾಕಾಗಬೇಕಿತ್ತು! ಆದರೆ ಮೂರು ಕಲ್ಲಿನ ತೆರೆದ ಒಲೆಯಲ್ಲಿ ಶಾಖದ ಹತ್ತರಲ್ಲಿ ಒಂದು ಪಾಲು ಮಾತ್ರ ನೀರಿಗೆ ಸೇರುತ್ತದೆ. ಮಿಕ್ಕ ಒಂಬತ್ತು ಪಾಲು ಗಾಳಿಗೆ, ಗೋಡೆಗೆ, ಹೊಗೆಗೆ. ಆದ್ದರಿಂದ ದಿನಕ್ಕೆ 5 ಕಿಲೋ, ವರ್ಷಕ್ಕೆ 18 ಕ್ವಿಂಟಾಲು ಸೌದೆ ಬೇಕಾಗುತ್ತದೆ. ಹತ್ತರಲ್ಲಿ ಮೂರು ಪಾಲು ಶಾಖ ಹಿಡಿಯುವ ಒಲೆ ಕಟ್ಟಿಸಿದರೆ ಇದೇ ಕೆಲಸ ಸುಮಾರು 6 ಕ್ವಿಂಟಾಲಿನಲ್ಲಿ ಮುಗಿಯುತ್ತದೆ. ಉಳಿಯುವ 12 ಕ್ವಿಂಟಾಲು ಸೌದೆ ಎಷ್ಟು ಹೊರೆಯಾಯಿತು, ಎಷ್ಟು ಆಳಿನ ಕೆಲಸವಾಯಿತು ಎಂಬುದನ್ನು ಓದುಗರೇ ಯೋಚಿಸಲಿ.

ಇಂಥ ಒಲೆ ಹೊಸ ಸಂಗತಿಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ವಿಭಾಗವು ಹಳ್ಳಿಯ ಒಲೆಗಳನ್ನು ಪರೀಕ್ಷಿಸಿ, ಉರುವಲು ಉಳಿಸುವ ಒಲೆಗಳನ್ನು ರೂಪಿಸಿತು. ಅವುಗಳ ತತ್ತ್ವ ಸರಳವಾದುದು. ಸೌದೆಯನ್ನು ನೆಲದ ಮೇಲಿಡದೆ ಕಬ್ಬಿಣದ ಜಾಲರಿಯ ಮೇಲಿಟ್ಟರೆ ಕೆಳಗಿನಿಂದ ಗಾಳಿ ಆಡುತ್ತದೆ. ಒಲೆಯ ಬಾಯಿ ಕಿರಿದಾಗಿರಬೇಕು. ಹಂಡೆಯನ್ನು ಒಲೆಯೊಳಗೆ ಇಳಿಸಿ ಕೂರಿಸಿ, ಸುತ್ತಲೂ ಬೆರಳು ದಪ್ಪದ ಅಂತರ ಬಿಟ್ಟರೆ, ಬಿಸಿಗಾಳಿ ತಳಕ್ಕೆ ತಾಗಿ ಓಡಿಹೋಗದೆ ಪಕ್ಕಗಳನ್ನೂ ಸವರಿಕೊಂಡು ಹೋಗುತ್ತದೆ. ಹೊಗೆಗೊಳವೆ ಮಾಡಿನಿಂದ ಮೇಲಕ್ಕೆ ಹೋಗಿರಬೇಕು. ಕೈಪಳಗಿದ ಗಾರೆಯವನಿಗೆ ಇದು ದೊಡ್ಡ ಕೆಲಸವೇನೂ ಅಲ್ಲ.

ಒಲೆ ಬದಲಿಸುವ ಮೊದಲೇ ಖರ್ಚಿಲ್ಲದೆ ಮಾಡಬಹುದಾದ ಕೆಲಸಗಳೂ ಇವೆ. ಮೊದಲನೆಯದು ಸೌದೆ ಒಣಗಿಸುವುದು. ಆಗ ತಾನೇ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರೇ ಇರುತ್ತದೆ. ಹಂಡೆಯ ನೀರು ಕಾಯುವ ಮೊದಲು ಸೌದೆಯ ನೀರು ಕಾಯಬೇಕು. ಸೀಳಿ, ಮಳೆಗೆ ಮೊದಲೇ ಕೊಟ್ಟಿಗೆಯ ಸೂರಿನಡಿ ಒಟ್ಟಿದ ಸೌದೆ ಹೊಗೆಯೂ ಕಡಿಮೆ, ಉರಿಯೂ ಹೆಚ್ಚು. ಎರಡನೆಯದು ಹಂಡೆಗೆ ಮುಚ್ಚಳ. ಮೂರನೆಯದು ಮಸಿ ಮತ್ತು ಕಿಟ್ಟ. ದೀಪಾವಳಿಯ ನೀರು ತುಂಬುವ ಹಬ್ಬದಂದು ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗುವುದು ನಮ್ಮ ಪದ್ಧತಿ. ಆ ಹಬ್ಬ ಬಚ್ಚಲಿಗೆ ತಿಂಗಳಿಗೊಮ್ಮೆ ಬಂದರೆ ಒಳ್ಳೆಯದು. ಹೊರಗೆ ಮಸಿ, ಒಳಗೆ ಕೊಳವೆಬಾವಿಯ ಗಡುಸು ನೀರಿನ ಬಿಳಿ ಕಿಟ್ಟ ಕಟ್ಟಿದರೆ ಶಾಖ ಒಳಹೋಗುವುದು ತಡವಾಗುತ್ತದೆ. ನಾಲ್ಕನೆಯದು, ಬೇಕಾದಷ್ಟೇ ಕಾಯಿಸುವುದು. ಎಲ್ಲರ ಸ್ನಾನ ಮುಗಿದ ಮೇಲೂ ಅರ್ಧ ಹಂಡೆ ನೀರು ಕುದಿಯುತ್ತಿದ್ದರೆ ಅದು ಸುಟ್ಟ ಸೌದೆಯೇ.

ವಿದ್ಯುತ್ತಿನ ವಿಷಯವನ್ನೂ ನೋಡಬೇಕು. ಅದೇ 100 ಲೀಟರಿಗೆ ಎರಡೂ ಕಾಲು ಯೂನಿಟ್ಟಿಗಿಂತ ತುಸು ಹೆಚ್ಚು, ಅಂದರೆ ತಿಂಗಳಿಗೆ 70 ಯೂನಿಟ್ ಹೋಗುತ್ತದೆ. 2023ರಲ್ಲಿ ಗೃಹಜ್ಯೋತಿ ಜಾರಿಗೆ ಬಂದಾಗ ಉಚಿತದ ಮಿತಿಯನ್ನು ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ ಶೇಕಡಾ 10 ಸೇರಿಸಿ, 200 ಯೂನಿಟ್ಟಿನೊಳಗೆ ನಿಗದಿ ಮಾಡಲಾಯಿತು. ಸರಾಸರಿ ಕಡಿಮೆಯಿದ್ದ ಮನೆ ಹೊಸದಾಗಿ ಗೀಸರ್ ಹಾಕಿಸಿಕೊಂಡರೆ ಮಿತಿ ದಾಟುವುದು ಸುಲಭ. ಬಕೆಟ್ಟಿಗೆ ಇಳಿಬಿಡುವ ಕಾಯಿಲ್‌ನಿಂದ ಜೀವಕ್ಕೂ ಅಪಾಯವಿದೆ. ಅದನ್ನು ಲೋಹದ ಪಾತ್ರೆಯಲ್ಲಿಡಬಾರದು, ಸ್ವಿಚ್ ಆರಿಸಿ ಪ್ಲಗ್ ಕಿತ್ತ ಹೊರತು ನೀರು ಮುಟ್ಟಬಾರದು.

ಸೌದೆಗೆ ತತ್ವಾರವಿರುವ ಬಯಲುಸೀಮೆಗೆ ಬಿಸಿಲೇ ಉರುವಲು. ದಕ್ಷಿಣಕ್ಕೆ ಮುಖಮಾಡಿ, ಮರದ ನೆರಳು ಬೀಳದಂತೆ ಕೂರಿಸಿದ 100 ಲೀಟರಿನ ಸೋಲಾರ್ ಹೀಟರು ಮೊದಲ ಖರ್ಚು ಬಿಟ್ಟರೆ ವರ್ಷದ ಬಹುಪಾಲು ಪುಕ್ಕಟೆ ನೀರು ಕೊಡುತ್ತದೆ. ಆದರೆ ಗಡುಸು ನೀರಿಗೆ ಕೊಳವೆಗಳಲ್ಲಿ ಕಿಟ್ಟ ಕಟ್ಟುತ್ತದೆ, ತೊಳೆಸುವ ಏರ್ಪಾಡು ಮೊದಲೇ ಇರಲಿ. ಮಲೆನಾಡಿನಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಸೋಲಾರ್ ಕೈಕೊಡುವುದು ಸಹಜ. ಅಲ್ಲಿ ಒಳ್ಳೆಯ ಒಲೆಯೇ ಆಧಾರ. ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆಗಳಿಗೆ ತೋಟದಲ್ಲಿ ಮುಚ್ಚಿಗೆಯಾಗಿಯೂ ಬೆಲೆಯಿದೆ. ಒಲೆಗೆ ಕಡಿಮೆ ಹೋದಷ್ಟೂ ಮಣ್ಣಿಗೆ ಹೆಚ್ಚು ಉಳಿಯುತ್ತದೆ. ಒಲೆಯ ಬೂದಿಯಲ್ಲಿ ಪೊಟ್ಯಾಷ್ ಇರುವುದರಿಂದ ಅದನ್ನೂ ಬೀದಿಗೆ ಚೆಲ್ಲದೆ ಗೊಬ್ಬರಗುಂಡಿಗೆ ಸೇರಿಸಬೇಕು.

ಕೇಂದ್ರ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮ 2002ರಲ್ಲಿ ನಿಂತುಹೋಯಿತು. ಆಗ ಕಟ್ಟಿದ ಒಲೆಗಳಲ್ಲಿ ಅನೇಕವು ದುರಸ್ತಿ ಮಾಡುವವರಿಲ್ಲದೆ ಹಾಳಾದವು. ಎಣಿಕೆಗಾಗಿ ಒಲೆ ಕಟ್ಟಿದರೆ ಆಗುವುದು ಹೀಗೆಯೇ. ಊರಿಗೊಬ್ಬ ಒಲೆ ಬಲ್ಲ ಗಾರೆಯವನು ಇದ್ದರೆ ಈ ಕಷ್ಟವಿಲ್ಲ. ಗ್ರಾಮ ಪಂಚಾಯಿತಿಗಳು ಅಂಥವರಿಗೆ ತರಬೇತಿ ಕೊಡಿಸಲಿ. ಪಂಪ್‌ಸೆಟ್ಟಿಗೆ ಸಾಲ ಕೊಡುವ ಸಹಕಾರ ಸಂಘಗಳು ಒಲೆಗೂ ಸೋಲಾರಿಗೂ ಸಣ್ಣ ಸಾಲ ಕೊಡುವ ಮನಸ್ಸು ಮಾಡಲಿ.

ಮನೆಯ ಯಜಮಾನರಲ್ಲಿ ನಮ್ಮ ವಿನಂತಿ ಇಷ್ಟೆ. ಒಂದು ವಾರ ಬಚ್ಚಲೊಲೆಗೆ ಹಾಕುವ ಸೌದೆಯನ್ನು ತೂಗಿ ಬರೆಯಿರಿ, ಹೊತ್ತು ತಂದವರು ಯಾರೆಂಬುದನ್ನೂ ಪಕ್ಕದಲ್ಲಿಯೇ ಬರೆಯಿರಿ. ಹೊಸ ಒಲೆ ಎಲ್ಲಿ, ಎಷ್ಟು ಎತ್ತರಕ್ಕೆ ಇರಬೇಕೆಂಬುದನ್ನು ಅವರನ್ನು ಕೇಳಿಯೇ ನಿರ್ಧರಿಸಿ. ಮುಂದಿನ ಮಳೆ ಹಿಡಿಯುವುದರೊಳಗೆ ಈ ಕೆಲಸ ಆಗಲಿ.