ಪರ್ಸನಲ್ ಲೋನ್ ತೀರುವ ಮೊದಲೇ ಸೈಟು ಕೊಳ್ಳಬಹುದೇ?

ಮೈಸೂರಿನ ರಿಂಗ್ ರಸ್ತೆಯಾಚೆ ಮೂವತ್ತು-ನಲವತ್ತರ ಒಂದು ಸೈಟು, ಬೆಲೆ 25 ಲಕ್ಷ ಎಂದಿಟ್ಟುಕೊಳ್ಳಿ. ಕೊಳ್ಳಲು ಹೊರಟವರಿಗೆ 34 ವರ್ಷ, ಕೈಗೆ ಬರುವ ಸಂಬಳ 60,000. ತಂಗಿಯ ಮದುವೆಗೆಂದು ಎರಡು ವರ್ಷದ ಹಿಂದೆ ಶೇ 14ರ ಬಡ್ಡಿಗೆ ಎತ್ತಿದ 5 ಲಕ್ಷದ ಪರ್ಸನಲ್ ಲೋನ್ ಇನ್ನೂ ಮೂರು ವರ್ಷ ಓಡಬೇಕು. ತಿಂಗಳ ಕಂತು 11,634, ಬಾಕಿ ಅಸಲು ಸುಮಾರು 3.4 ಲಕ್ಷ. ಎಫ್‌ಡಿ, ಚೀಟಿ ಎಲ್ಲ ಸೇರಿ ಕೈಯಲ್ಲಿರುವುದು 5 ಲಕ್ಷ. ಆ ದುಡ್ಡು ಸೈಟಿಗೋ, ಸಾಲಕ್ಕೋ? ಸಂಬಳ ನಂಬಿ ಬದುಕುವ ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿಯ ನಡುವೆ ನಡೆಯುತ್ತಿರುವ ಚರ್ಚೆ ಇದು. ಎರಡೂ ವಾದಗಳನ್ನು ಇದೇ ಲೆಕ್ಕದ ಮೇಲೆ ಇಟ್ಟು ನೋಡಿದ್ದೇನೆ. ನನ್ನ ಒಲವು ಎರಡನೆಯದರ ಕಡೆಗಿದೆ, ಆದರೆ ಮೊದಲನೆಯದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಪರ: ಕೊಳ್ಳಲಿ

ಸಾಲ ಪೂರ್ತಿ ತೀರಿದ ಮೇಲೆ ಆಸ್ತಿ ಮಾಡುತ್ತೇನೆ ಎಂದು ಕೂತವರಿಗೆ ಆ ದಿನ ಬರುವುದು ಕಷ್ಟ. ಮದುವೆಯ ಸಾಲ ಮುಗಿಯುವಷ್ಟರಲ್ಲಿ ಮಗುವಿನ ಶಾಲೆಯ ಡೊನೇಷನ್ ಬಂದು ನಿಲ್ಲುತ್ತದೆ, ಅದು ಮುಗಿಯುವಷ್ಟರಲ್ಲಿ ಅಪ್ಪನ ಆಪರೇಷನ್. ಸಂಬಳದಾರನ ಬದುಕಿನಲ್ಲಿ ಸಾಲವಿಲ್ಲದ ವರ್ಷಗಳು ಕಡಿಮೆ.

ಈ ಸಾಲದ ದೊಡ್ಡ ಭಾರ ಆಗಲೇ ಇಳಿದಿದೆ ಎಂಬುದನ್ನೂ ನೋಡಬೇಕು. ಪರ್ಸನಲ್ ಲೋನಿನ ಬಡ್ಡಿ ಮೊದಲ ವರ್ಷಗಳಲ್ಲೇ ಹೆಚ್ಚು ಕಡಿತವಾಗುತ್ತದೆ. ಮುಂದಿನ ಮೂರು ವರ್ಷದ ಕಂತುಗಳಲ್ಲಿ ಉಳಿದಿರುವ ಬಡ್ಡಿ ಒಟ್ಟು 78,000 ಚಿಲ್ಲರೆ. ಈಗಲೇ ತೀರಿಸಲು ಹೋದರೆ, ನಿಗದಿತ ಬಡ್ಡಿಯ ಸಾಲಕ್ಕೆ ಹಲವು ಬ್ಯಾಂಕುಗಳು ಹಾಕುವ ಮುಂಪಾವತಿ ಶುಲ್ಕ ಬೇರೆ. ಇಷ್ಟನ್ನು ಉಳಿಸಲು ಹೋಗಿ ಸೈಟು ಬಿಟ್ಟರೆ, ನಾಳೆ ಅದೇ ಬೀದಿಯಲ್ಲಿ ಅದೇ ಅಳತೆಗೆ ಹೆಚ್ಚು ತೆರಬೇಕಾಗುತ್ತದೆ.

ಏರುವುದು ಮಾರುವವರು ಹೇಳುವ ಬೆಲೆಯಷ್ಟೇ ಅಲ್ಲ. 2023ರ ಅಕ್ಟೋಬರ್‌ನಲ್ಲಿ ರಾಜ್ಯದ ಮಾರ್ಗಸೂಚಿ ದರ ಪರಿಷ್ಕರಣೆಯಾಯಿತು. 2025ರ ಆಗಸ್ಟ್ ಕೊನೆಯಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. 25 ಲಕ್ಷದ ಸೈಟಿಗೆ ಅದೊಂದರಿಂದಲೇ 25,000 ರೂಪಾಯಿ ಹೆಚ್ಚಾಯಿತು. ಅದೇ ವರ್ಷ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 6.5ರಿಂದ ಶೇ 5.25ಕ್ಕೆ ಇಳಿಸಿತು. ಬಡ್ಡಿ ಇಳಿದಿರುವಾಗ ಸಾಲ ತೆಗೆದವರಿಗೆ ಅನುಕೂಲ.

ವಯಸ್ಸಿನ ಲೆಕ್ಕವೂ ಇದೆ. 34ರಲ್ಲಿ ತೆಗೆದ 20 ವರ್ಷದ ಸಾಲ 54ಕ್ಕೆ ಮುಗಿಯುತ್ತದೆ. ಆರು ವರ್ಷ ಕಾದರೆ ಕೊನೆಯ ಕಂತು ನಿವೃತ್ತಿಯ ದಿನಕ್ಕೆ ಬಂದು ನಿಲ್ಲುತ್ತದೆ. ಮುಂಗಡ ಸಾಲದಿದ್ದರೆ ಸೈಟು ಕೊಳ್ಳಲು ಪಿಎಫ್‌ನಿಂದ ಹಣ ತೆಗೆಯಲು ಅವಕಾಶವಿದೆ.

ಕೊನೆಯದಾಗಿ, ಬ್ಯಾಂಕಿನಲ್ಲಿ ಬಿದ್ದ ಹಣ ಕರಗುತ್ತದೆ. ನೆಂಟರು ಕೈಸಾಲ ಕೇಳುತ್ತಾರೆ, ಕೊಡದಿದ್ದರೆ ಮುನಿಸು. ಸೈಟಿನ ಮೇಲೆ ಹಾಕಿದ ದುಡ್ಡನ್ನು ಯಾರೂ ಕೇಳಲಾರರು. ಊರಿನ ಜಮೀನು ಅಣ್ಣತಮ್ಮಂದಿರಲ್ಲಿ ಹಂಚಿಹೋಗಿ, ಪಟ್ಟಣಕ್ಕೆ ಬಂದು ಬಾಡಿಗೆ ಮನೆಯಲ್ಲಿ ಬೆಳೆದವರಿಗೆ ತಮ್ಮ ಹೆಸರಿನ ಒಂದು ಕ್ರಯಪತ್ರ ಕೊಡುವ ಧೈರ್ಯ ಎಂಥದು ಎಂದು ಬಾಡಿಗೆ ಕಟ್ಟಿದವರಿಗೇ ಗೊತ್ತು. ಈ ಮಾತಿಗೆ ನನ್ನಲ್ಲೂ ಎದುರು ಉತ್ತರವಿಲ್ಲ.

ವಿರೋಧ: ಈಗ ಬೇಡ

ಮೊದಲು ಕೈಗೆ ಬೇಕಾಗುವ ದುಡ್ಡು ಎಷ್ಟು ನೋಡೋಣ. ಬ್ಯಾಂಕು 20 ಲಕ್ಷ ಕೊಟ್ಟಿತು ಅನ್ನಿ, ಮಿಕ್ಕ 5 ಲಕ್ಷಕ್ಕೆ ಉಳಿತಾಯವೆಲ್ಲ ಹೋಯಿತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕಟ್ಟಬೇಕಾದ್ದು ಇನ್ನೂ ಇದೆ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ಸು, ಸರ್‌ಚಾರ್ಜು, ನೋಂದಣಿ ಶುಲ್ಕ ಶೇ 2, ಎಲ್ಲ ಸೇರಿ ಶೇ 7.6ರ ಸುಮಾರು. 25 ಲಕ್ಷಕ್ಕೆ 1.9 ಲಕ್ಷ. ಪಿಎಫ್ ಮುಟ್ಟುವುದೆಂದರೆ ಮುಪ್ಪಿನ ಕಾಲದ ದುಡ್ಡಿಗೆ ಕೈ ಹಾಕಿದಂತೆ. ಅದು ಬೇಡವೆಂದರೆ ಉಳಿಯುವುದು ಕೈಸಾಲ, ಅದೂ ಎರಡು ರೂಪಾಯಿ ಬಡ್ಡಿಗೆ. ತಿಂಗಳಿಗೆ 3,800 ಬರೀ ಬಡ್ಡಿ. 20 ಲಕ್ಷಕ್ಕೆ ಶೇ 9ರಂತೆ 20 ವರ್ಷದ ಕಂತು ಸುಮಾರು 18,000. ಹಳೆಯ 11,634 ಸೇರಿಸಿ. 60,000ದಲ್ಲಿ 33,400 ಒಂದನೇ ತಾರೀಖಿನ ವಾರದಲ್ಲೇ ಹೋಯಿತು. ಬಾಡಿಗೆ, ರೇಷನ್, ಶಾಲೆ, ಊರಿಗೆ ಕಳಿಸುವುದು ಎಲ್ಲಕ್ಕೂ ಉಳಿದದ್ದು 26,600. ಖಾಲಿ ಸೈಟಿನಿಂದ ಒಂದು ರೂಪಾಯಿ ಬಾಡಿಗೆ ಹುಟ್ಟುವುದಿಲ್ಲ, ಮನೆ ಕಟ್ಟುವವರೆಗೆ ಅದರ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿಯೂ ಸಿಗುವುದಿಲ್ಲ.

ಬೆಲೆ ಏರುತ್ತದಲ್ಲ ಎನ್ನುತ್ತಾರೆ. ಎಷ್ಟು ಏರಬೇಕು? ಮೂರು ವರ್ಷದಲ್ಲಿ ಆ 20 ಲಕ್ಷಕ್ಕೆ ಕಟ್ಟುವ ಕಂತು ಸುಮಾರು 6.5 ಲಕ್ಷ. ಅದರಲ್ಲಿ 5.2 ಲಕ್ಷ ಬಡ್ಡಿಗೇ ಹೋಗುತ್ತದೆ, ಅಸಲಿನಲ್ಲಿ ಇಳಿಯುವುದು 1.2 ಲಕ್ಷ ಮಾತ್ರ. ನೋಂದಣಿಯ 1.9 ಲಕ್ಷ ಸೇರಿಸಿದರೆ, ಕೈಸಾಲದ ಬಡ್ಡಿ ಬಿಟ್ಟೇ, ಖರ್ಚು 7.1 ಲಕ್ಷ. ಮೂರು ವರ್ಷದಲ್ಲಿ ಸೈಟು 32 ಲಕ್ಷ ದಾಟಿದರೆ ಹಾಕಿದ್ದು ಹಾಕಿದ್ದಕ್ಕೆ ಸರಿ. ಅಂದರೆ ವರ್ಷಕ್ಕೆ ಶೇ 8.7. ಮಾರಿದರೆ ಲಾಭದ ಮೇಲಿನ ಶೇ 12.5ರ ತೆರಿಗೆ ಬೇರೆ.

ಈಗ ಕಾದವರ ಲೆಕ್ಕ. ಕೈಯಲ್ಲಿದ್ದ ಹಣದಲ್ಲಿ 3.4 ಲಕ್ಷ ಕೊಟ್ಟು ಸಾಲ ತೀರಿಸಿದರು, 1.6 ಲಕ್ಷ ಆಪತ್ತಿಗೆಂದು ಉಳಿಯಿತು. ಹೊಸ ಕಂತು ಕಟ್ಟುವ ತಾಕತ್ತಿದ್ದರೆ ಉಳಿಸುವ ತಾಕತ್ತೂ ಇರಲೇಬೇಕು: 11,634 ಮತ್ತು 18,000ವನ್ನು ತಿಂಗಳು ತಿಂಗಳು ಆರ್‌ಡಿಗೆ ಹಾಕಿದರೆ ಮೂರು ವರ್ಷದ ಕೊನೆಗೆ, ಬಡ್ಡಿ ಬಿಟ್ಟೇ, ಉಳಿದಿದ್ದ 1.6 ಲಕ್ಷವೂ ಸೇರಿ ಒಟ್ಟು 12 ಲಕ್ಷ ದಾಟುತ್ತದೆ. ಸೈಟಿನ ಬೆಲೆ ವರ್ಷಕ್ಕೆ ಶೇ 6ರಂತೆ ಏರಿ 30 ಲಕ್ಷವಾದರೂ ನೋಂದಣಿ ಸೇರಿ ಇವರು ತೆಗೆಯಬೇಕಾದ ಸಾಲ 20 ಲಕ್ಷ. ಇವತ್ತು ತೆಗೆಯಬೇಕಾದಷ್ಟೇ. ವ್ಯತ್ಯಾಸವೆಂದರೆ ಆಗ ಮದುವೆಯ ಸಾಲವಿಲ್ಲ, ಕೈಸಾಲವಿಲ್ಲ, ನಡುವಿನ ಮೂರು ವರ್ಷ ನಿದ್ದೆ ಕೆಟ್ಟಿಲ್ಲ. ಬೆಲೆ ವರ್ಷಕ್ಕೆ ಶೇ 10ರಂತೆ ಏರಿದರೆ ಕಾದವರಿಗೆ ಎರಡು-ಮೂರು ಲಕ್ಷ ನಷ್ಟ. ಅದನ್ನು ಒಪ್ಪುತ್ತೇನೆ. ಆದರೆ ಏರಿಯೇ ಏರುತ್ತದೆ ಎಂದು ಹೇಳುವವರು ಹೆಚ್ಚಾಗಿ ಕಮಿಷನ್‌ಗೆ ಕಾದಿರುವ ಏಜೆಂಟರು. ಬಡಾವಣೆಗೆ ರಸ್ತೆ, ಒಳಚರಂಡಿ, ಕರೆಂಟು ಬರುವುದು ತಡವಾದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರಿನ ಅರ್ಕಾವತಿ ಬಡಾವಣೆಯಲ್ಲಿ ಸೈಟು ಪಡೆದವರು ವರ್ಷಗಟ್ಟಲೆ ಅನುಭವಿಸಿದ್ದಾರೆ, ಅದೂ ಸರ್ಕಾರಿ ಪ್ರಾಧಿಕಾರವೇ ಮಾಡಿದ ಬಡಾವಣೆಯಲ್ಲಿ.

ನನಗೆ ನಿಜವಾಗಿ ಭಯವಾಗುವುದು ಇನ್ನೊಂದು ಕಾರಣಕ್ಕೆ. ಸಾಲದಲ್ಲಿರುವವರು ಬೆಲೆಗೆ ಹೆದರಿ ಅಗ್ಗದ ಸೈಟು ಹುಡುಕುತ್ತಾರೆ. ಅಗ್ಗಕ್ಕೆ ಸಿಗುವುದು ರೆವಿನ್ಯೂ ಸೈಟು, ಬಿ ಖಾತೆ, ಪಂಚಾಯಿತಿಯ ನಮೂನೆ 11ಬಿ. ಇಂಥವಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ. ಆಗ ‘ಬ್ಯಾಂಕಿನ ರಗಳೆ ಯಾಕೆ, ಇನ್ನೊಂದು ಪರ್ಸನಲ್ ಲೋನ್ ತಗೊಳ್ಳಿ ಸಾರ್, ಎರಡು ದಿನದಲ್ಲಿ ಆಗುತ್ತೆ’ ಎಂಬ ಸಲಹೆ ಬರುತ್ತದೆ. ಬ್ಯಾಂಕಿನ ವಕೀಲರು ಹಳೆಯ ಪತ್ರಗಳನ್ನೂ ಭೂಪರಿವರ್ತನೆಯನ್ನೂ ಇಸಿಯನ್ನೂ ನೋಡಿ ಬೇಡವೆಂದ ಜಾಗಕ್ಕೆ, ಯಾವ ಪತ್ರವನ್ನೂ ನೋಡದೆ ಕೊಡುವ ದುಬಾರಿ ಸಾಲ ಬಂದು ಕೂರುತ್ತದೆ. ಇದರ ಜೊತೆಗೆ ಮಾರುವವರು ಕ್ರಯಪತ್ರದಲ್ಲಿ ಕಡಿಮೆ ತೋರಿಸಿ ಉಳಿದದ್ದನ್ನು ನಗದಾಗಿ ಕೇಳುವುದೂ ಉಂಟು. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದು 2015ರ ಜೂನ್‌ನಿಂದಲೇ ಕಾನೂನುಬಾಹಿರ. ಪತ್ರದಲ್ಲಿ ಕಾಣದ ಆ ಹಣಕ್ಕೆ ಬ್ಯಾಂಕು ಸಾಲ ಕೊಡದು, ಮತ್ತೆ ಕೈಸಾಲವೇ ಗತಿ.

ಹೀಗೆ ಸಿಕ್ಕಿಕೊಂಡ ಮನೆಗೆ ಒಂದು ಆಸ್ಪತ್ರೆಯ ಬಿಲ್ಲು ಬಂದರೆ ಸೈಟಿನ ಮೂಲೆಯೊಂದನ್ನು ಕತ್ತರಿಸಿ ಮಾರಲಾಗದು. ಇಡೀ ಸೈಟಿಗೆ ಗಿರಾಕಿ ಸಿಗಲು ತಿಂಗಳುಗಳು ಬೇಕು, ಅವಸರ ಕಂಡ ಗಿರಾಕಿ ಬೆಲೆ ಮುರಿಯುತ್ತಾನೆ. ಅಷ್ಟರೊಳಗೆ ಹೆಂಡತಿಯ ಬಳೆ, ಸರ ಗಿರವಿಗೆ ಹೋಗಿರುತ್ತವೆ. ಆಸ್ತಿ ಗಂಡನ ಹೆಸರಿನಲ್ಲಿ, ಅದನ್ನು ಉಳಿಸಲು ಅಡವಾದದ್ದು ಅವಳ ಒಡವೆ. ಈ ಅನ್ಯಾಯವನ್ನು ಲೆಕ್ಕದ ಯಾವ ಕಾಲಮ್ಮಿನಲ್ಲೂ ಯಾರೂ ಬರೆಯುವುದಿಲ್ಲ.

ವಾಸಕ್ಕೆಂದು ಕಟ್ಟಿದ ಮನೆಯಾಗಿದ್ದು, ಖಾತೆ ಸರಿಯಿದ್ದು, ಕಂತು ಈಗಿನ ಬಾಡಿಗೆಯ ಆಸುಪಾಸಿನಲ್ಲಿದ್ದರೆ ನನ್ನ ವಿರೋಧ ಬಹಳ ಮಟ್ಟಿಗೆ ಕುಗ್ಗುತ್ತದೆ. ಬಾಡಿಗೆ ಉಳಿಯುವುದರಿಂದ ಹಳೆಯ ಸಾಲದ ಕಂತೂ ನಡೆದುಹೋಗುತ್ತದೆ. ಖಾಲಿ ಸೈಟಿಗೆ, ಅದೂ ಕೈಸಾಲ ಸೇರಿಸಿಕೊಂಡು, ಈ 34ರವರು ಈಗ ಅಡ್ವಾನ್ಸ್ ಕೊಡುವುದು ಬೇಡ. ಈ ತಿಂಗಳೇ 3.4 ಲಕ್ಷ ಕಟ್ಟಿ ಬ್ಯಾಂಕಿನಿಂದ ಸಾಲ ತೀರಿದ ಪತ್ರ ಪಡೆಯಲಿ, ಸಿಬಿಲ್ ವರದಿಯಲ್ಲಿ ಸಾಲ ಮುಕ್ತಾಯವಾದದ್ದು ದಾಖಲಾಗಿದೆಯೇ ಎಂದು ಒಂದೆರಡು ತಿಂಗಳಲ್ಲಿ ನೋಡಿಕೊಳ್ಳಲಿ. ಮುಂದಿನ ಒಂದನೇ ತಾರೀಖಿನಿಂದ ಆರ್‌ಡಿ ಶುರುವಾಗಲಿ, ಸೈಟು ನೋಡುವ ಭಾನುವಾರಗಳನ್ನು ಮಾತ್ರ ನಿಲ್ಲಿಸದಿರಲಿ.