ದಫ್ತರ ಹೊತ್ತವರು ದಫ್ತರ ಬಿಚ್ಚಬೇಕು

ಡಿಗ್ರಿ ರಿಸಲ್ಟು ಬಂದಾಗಲೆಲ್ಲ ಹಾಸ್ಟೆಲಿನ ವರಾಂಡದಲ್ಲಿ ಒಂದೇ ಮಾತು: ಮುಂದೇನು? ಬಿ.ಎ. ಮುಗಿಸಿದ ನಮ್ಮ ಹುಡುಗ ಹುಡುಗಿಯರಲ್ಲಿ ಹಲವರು ಯೂನಿವರ್ಸಿಟಿಗೆ ಹೋಗಿ ಸಾರ್ವಜನಿಕ ಆಡಳಿತಕ್ಕೋ ಸಮಾಜಕಾರ್ಯಕ್ಕೋ ಅರ್ಜಿ ಹಾಕುತ್ತಾರೆ. ಯಾಕಪ್ಪಾ ಅಂತ ಕೇಳಿದರೆ, "ಕೆ.ಪಿ.ಎಸ್.ಸಿ. ಬರೆಯೋಕೆ ಅನುಕೂಲ" ಅಂತ ಒಬ್ಬ, "ಎಂ.ಎಸ್.ಡಬ್ಲ್ಯೂ. ಮಾಡಿದ್ರೆ ಎಲ್ಲಾದರೂ ಕೆಲಸ ಸಿಗುತ್ತೆ" ಅಂತ ಇನ್ನೊಬ್ಬಳು. ತಪ್ಪೇನಿಲ್ಲ. ಹಸಿದವರು ಮೊದಲು ಅನ್ನ ಕೇಳುತ್ತಾರೆ. ಅಪ್ಪ ಅವ್ವ ಕೂಲಿಗೆ ಹೋಗುವ ಮನೆಯ ಮಕ್ಕಳ ಕೆಲಸದ ಆಸೆಯನ್ನು ಹಂಗಿಸುವ ಬುದ್ಧಿಜೀವಿಗಳ ಜೊತೆ ನಾವಿಲ್ಲ. ಆದರೆ ಈ ಎರಡು ವಿಷಯಗಳಿಗೂ ನಮಗೂ ಇರುವ ನಂಟು ಸಂಬಳಕ್ಕಿಂತ ಹಳೆಯದು. ಅದನ್ನು ಮರೆತು ಓದಿದರೆ ಓದು ದಂಡ.

ಆಡಳಿತಕ್ಕೆ ನಾವು ಹೊಸಬರೇನಲ್ಲ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಪಟೇಲ, ಶಾನುಭೋಗ ಎಂಬವರ ಕೆಳಗೆ ತೋಟಿ, ತಳವಾರ, ನೀರಗಂಟಿ ಎಂಬವರಿದ್ದರು. ತಮಟೆ ಬಡಿದು ಸಾರಿದವರು, ಕಂದಾಯಕ್ಕೆ ಜನರನ್ನು ಕರೆದುತಂದವರು, ಶಾನುಭೋಗರ ಹಿಂದೆ ದಫ್ತರ ಹೊತ್ತು ನಡೆದವರು ನಮ್ಮ ತಾತಂದಿರು. ಸರ್ಕಾರದ ಭಾರವೆಲ್ಲ ಅವರ ತಲೆ ಮೇಲಿತ್ತು. ಅದರೊಳಗೆ ಏನು ಬರೆದಿದೆ ಎಂಬುದು ಮಾತ್ರ ಅವರಿಗೆ ತಿಳಿಯಲಿಲ್ಲ. 1961ರ ಕಾಯ್ದೆ ಈ ವಂಶಪಾರಂಪರ್ಯ ಹುದ್ದೆಗಳನ್ನು ರದ್ದು ಮಾಡಿತು, ಹುದ್ದೆಗೆ ಅಂಟಿದ್ದ ಇನಾಂ ಜಮೀನನ್ನು ಅದನ್ನು ಹೊಂದಿದ್ದವರಿಗೆ ಮರುಮಂಜೂರು ಮಾಡಬೇಕೆಂದಿತು. ಆ ಮಾತು ಎಷ್ಟು ತೋಟಿಗಳ ಕಿವಿಗೆ ಬಿತ್ತು? ಎಷ್ಟು ಜಮೀನು ಯಾರ ಹೆಸರಿಗೆ ಹೋಯಿತು? ಅದೂ ದಫ್ತರದಲ್ಲೇ ಇದೆ. ಬಿಚ್ಚುವವರು ಬೇಕು.

ಇದನ್ನು ಬಾಬಾಸಾಹೇಬರು ನಮಗಿಂತ ಬಹಳ ಮುಂಚೆ ಕಂಡುಕೊಂಡಿದ್ದರು. 1915ರಲ್ಲಿ, 24ರ ಹರೆಯದಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎಂ.ಎ.ಗೆ ಅವರು ಬರೆದದ್ದು ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸಿನ ಬಗ್ಗೆ. ಮುಂದೆ ಬರೆದದ್ದು ಬ್ರಿಟಿಷ್ ಇಂಡಿಯಾದ ಪ್ರಾಂತ್ಯಗಳ ಹಣಕಾಸಿನ ಬಗ್ಗೆ. ಅದು 1925ರಲ್ಲಿ ಪುಸ್ತಕವಾಗಿ ಬಂತು. ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಬೇರೆ ಕೂತಿದ್ದ ಹುಡುಗ ಅಷ್ಟು ದೂರ ಹೋಗಿ ದೊರೆಗಳ ಲೆಕ್ಕದ ಪುಸ್ತಕ ಬಿಚ್ಚಿದ! ಹಣ ಎಲ್ಲಿಂದ ಬರುತ್ತದೆ, ಯಾರ ಕೈಯಿಂದ ಹೊರಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಬಲ್ಲವನನ್ನು ಸುಲಭದಲ್ಲಿ ಯಾರೂ ಆಳಲಾರರು.

ಈಗ ನಮ್ಮ ಪಠ್ಯಕ್ಕೆ ಬನ್ನಿ. ಮ್ಯಾಕ್ಸ್ ವೆಬರ್ ಎಂಬ ಜರ್ಮನ್ ಪಂಡಿತನ ಪಾಠ ಎಲ್ಲರೂ ಓದುತ್ತೀರಿ. ಅಧಿಕಾರಿಯಾದವನು ಮುಖ ನೋಡದೆ ನಿಯಮ ನೋಡಬೇಕು ಎಂಬುದು ಅದರ ತಿರುಳು. ಹತ್ತು ಅಂಕಕ್ಕೆ ಚೆನ್ನಾಗಿದೆ. ಆದರೆ ಜಾತಿ ಸರ್ಟಿಫಿಕೇಟಿಗೆ ಅಂತ ನಾವು ಒಂದು ಕಚೇರಿಗೆ ಹೋದಾಗ ಗುಮಾಸ್ತರು ಅರ್ಜಿ ಓದುವ ಮೊದಲೇ, "ಯಾವೂರೋ? ಯಾರ ಪೈಕಿ?" ಎಂದರು. ಆಮೇಲೆ "ನಾಳೆ ಬಾ" ಎಂದರು. ಮೂರು ನಾಳೆ ಕಳೆದವು, ಸ್ಕಾಲರ್‌ಶಿಪ್ಪಿನ ಕೊನೇ ದಿನವೂ ಕಳೆಯಿತು. ವೆಬರ್‌ಗೆ ಗೊತ್ತಿಲ್ಲದ ಈ "ನಾಳೆ ಬಾ" ಎಂಬ ಅಧ್ಯಾಯವನ್ನು ಉತ್ತರ ಪತ್ರಿಕೆಯಲ್ಲಿ ಬರೆಯುವವರು ನಾವೇ ಆಗಬೇಕು.

ಸಮಾಜಕಾರ್ಯದ ಕಥೆಯೂ ಇದೇ. 1936ರಲ್ಲಿ ಬೊಂಬಾಯಿಯಲ್ಲಿ ಟಾಟಾ ಟ್ರಸ್ಟಿನವರು ಶಾಲೆ ತೆರೆದಾಗಿನಿಂದ ಈ ವಿದ್ಯೆ ನಮ್ಮ ದೇಶದಲ್ಲಿ ವೃತ್ತಿಪರ ಓದಾಯಿತು. ಕ್ಷೇತ್ರಕಾರ್ಯಕ್ಕೆ ಅಂತ ವಿದ್ಯಾರ್ಥಿಗಳು ಬರುವುದು ನಮ್ಮ ಕೇರಿಗೇ. ಫಾರಂ ತುಂಬಿಕೊಳ್ಳುತ್ತಾರೆ, ಫೋಟೋ ಹೊಡೆಯುತ್ತಾರೆ, ಹೋಗುತ್ತಾರೆ. ಕುಡಿಯಬೇಡಿ, ಶುಚಿಯಾಗಿರಿ ಎಂದು ಅವ್ವಂದಿರಿಗೆ ಹೇಳುತ್ತಾರೆ. ನಲ್ಲಿಯಲ್ಲಿ ನೀರು ಯಾಕೆ ಬರಲ್ಲ ಅಂತ ಪಂಚಾಯ್ತಿಯನ್ನು ಕೇಳುವುದಿಲ್ಲ. "ಸೇವೆ" ಎಂಬ ಮಾತು ಕೇಳಿದರೆ ನಮಗೆ ಮೈ ಉರಿಯುತ್ತದೆ. ಮೂರು ಸಾವಿರ ವರ್ಷದಿಂದ ಸೇವೆ ಮಾಡಿದವರು ನಾವು. ಇನ್ನು ನಮಗೆ ಬೇಕಾದದ್ದು ಯಾರದೋ ಸೇವೆಯಲ್ಲ, ನಮ್ಮ ಹಕ್ಕು. ಸಮಾಜಕಾರ್ಯ ಓದುವ ನಮ್ಮವರು ಫಾರಂ ಹಿಡಿದು ಕೇರಿಗೆ ಹೋದರೆ, ವಾಪಸ್ಸು ಬರುವಾಗ ಕೇರಿಯ ಅರ್ಜಿ ಹಿಡಿದು ಕಚೇರಿಗೆ ಹೋಗಲಿ.

ಆಫೀಸರಾದ ಮೇಲೆ ಏನಾಗುತ್ತದೆ ಎಂಬುದು ಇನ್ನೊಂದು ಭಯ. ಕುರ್ಚಿ ಸಿಕ್ಕಮೇಲೆ ಊರು ಮರೆತ ನಮ್ಮವರನ್ನೂ ನೋಡಿದ್ದೇವೆ. ಹಾಗಾಗಿ ಪಕ್ಕದ ಆಂಧ್ರದ ಒಬ್ಬ ಅಧಿಕಾರಿಯನ್ನು ನೆನೆಯಬೇಕು. ಪಿ.ಎಸ್. ಕೃಷ್ಣನ್ ಹುಟ್ಟಿನಿಂದ ದಲಿತರಲ್ಲ. 1956ರಲ್ಲಿ ಐ.ಎ.ಎಸ್. ಸೇರಿದವರು ದಲಿತರ ಕೇರಿಗಳಲ್ಲೇ ಕ್ಯಾಂಪು ಹಾಕಿ ಕೂತರು. ಮೇಲಿನವರು ಅವರ ಗುಪ್ತ ವರದಿಯಲ್ಲಿ ದೋಷ ಬರೆದರು: ದಲಿತರ ಮೇಲೆ ಅತಿ ಪಕ್ಷಪಾತ, ಅಂತರ್ಜಾತಿ ಮದುವೆಯ ಪ್ರಚಾರ, ಗ್ರಾಮಾಧಿಕಾರಿಗಳಿಗಿಂತ ಹಳ್ಳಿಗರ ಮಾತನ್ನೇ ನಂಬುತ್ತಾರೆ ಎಂದು. ಗೆಳೆಯರೇ, ಈ ದೋಷಕ್ಕಿಂತ ದೊಡ್ಡ ಪದಕ ಯಾವುದಿದೆ? ಇವರೇ ಮುಂದೆ ದೆಹಲಿಯಲ್ಲಿದ್ದಾಗ ಪರಿಶಿಷ್ಟ ಜಾತಿಗಳಿಗೆ ವಿಶೇಷ ಘಟಕ ಯೋಜನೆ ರೂಪಿಸಿದರು, 1989ರ ದೌರ್ಜನ್ಯ ತಡೆ ಕಾಯ್ದೆಗೆ ದುಡಿದರು. ಯಾರ ಮಾತನ್ನು ನಂಬುತ್ತೀಯ ಎಂಬುದೇ ಆಡಳಿತದ ಮೊದಲ ಪ್ರಶ್ನೆ, ಕೊನೆಯ ಪ್ರಶ್ನೆಯೂ ಅದೇ.

ಆ ಯೋಜನೆಯ ಎಳೆಯೇ ನಮ್ಮ ರಾಜ್ಯದಲ್ಲಿ 2013ರ ಉಪಯೋಜನೆ ಕಾಯ್ದೆಯಾಯಿತು. ಜನಸಂಖ್ಯೆಗೆ ತಕ್ಕ ಪಾಲನ್ನು ಎತ್ತಿಡಬೇಕೆಂದು ಕಾಯ್ದೆ ಹೇಳಿತು. ಅದರಲ್ಲೇ 7(ಡಿ) ಎಂಬ ಒಂದು ಕಿಂಡಿಯನ್ನೂ ಬಿಟ್ಟಿದ್ದರು. ಆ ಕಿಂಡಿಯಿಂದ ನಮ್ಮ ಹಣ ಬೇರೆ ಕಾಮಗಾರಿಗಳಿಗೆ ಹರಿಯಿತು. ಅದನ್ನು ತೆಗೆದುಹಾಕಿದ್ದು 2023ರಲ್ಲಿ. ಹತ್ತು ವರ್ಷ! ಒಂದು ಕಾಯ್ದೆಯ ಒಂದು ಅಕ್ಷರದಲ್ಲಿ ಎಷ್ಟು ಹಾಸ್ಟೆಲು, ಎಷ್ಟು ಬೋರ್‌ವೆಲ್ಲು ಮುಳುಗಬಹುದು ಎಂದು ಕಲಿಯುವುದೇ ಸಾರ್ವಜನಿಕ ಆಡಳಿತದ ಓದು.

ಆದ್ದರಿಂದ ಒಂದು ಸಣ್ಣ ಕೆಲಸ. ಪ್ರತಿ ಭಾನುವಾರ ಹಾಸ್ಟೆಲಿನಲ್ಲಿ ಹತ್ತು ಜನ ಕೂತು ಒಂದು ಕಾಯ್ದೆ ಓದಿ. 1995ರ ದೌರ್ಜನ್ಯ ತಡೆ ನಿಯಮಗಳ ಪ್ರಕಾರ ಜಿಲ್ಲಾ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ನಿಮ್ಮ ಜಿಲ್ಲೆಯಲ್ಲಿ ಕಳೆದ ವರ್ಷ ಎಷ್ಟು ಸಲ ಸೇರಿತು? ಹತ್ತು ರೂಪಾಯಿ ಕಟ್ಟಿ, 2005ರ ಮಾಹಿತಿ ಹಕ್ಕಿನಲ್ಲಿ ಕೇಳಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಬಂದ ಉತ್ತರವನ್ನು ಕೇರಿಗೆ ಒಯ್ದು ಅವ್ವಂದಿರಿಗೆ ಗಟ್ಟಿಯಾಗಿ ಓದಿಹೇಳಿ. ಬಾರದಿದ್ದರೆ ಮೇಲ್ಮನವಿ ಬರೆಯಿರಿ. ಇದೇ ನಿಮ್ಮ ಪ್ರಾಕ್ಟಿಕಲ್ಲು.

ತಾತ ದಫ್ತರ ಹೊತ್ತ. ಅಪ್ಪ ದಫ್ತರದ ಮುಂದೆ ಕೈಕಟ್ಟಿ ನಿಂತ. ನಾವು ಬಿಚ್ಚಿ ಓದೋಣ, ಕೇರಿಗೆಲ್ಲ ಕೇಳುವಂತೆ ಓದೋಣ.

ಜೈ ಭೀಮ್.